ಗ್ರಾಂಟ್ ರೋಡಿನ ಆಚೀಚೆ: ಫಾತಿಮಾ ಇಸ್ಮಾಯಿಲ್ ಎಂಬ ತಾಯಿಯ ಕಥೆ



ಈ ಬಾರಿಯ ಇ-ಸ್ಮರಣ ಸಂಚಿಕೆಗೆ ನಮ್ಮ ಮುಂಬಯಿಯ ಒಬ್ಬ ಮಹಿಳೆಯ ಜೀವನ ಚಿತ್ರ ಬರೆದುಕೊಡಿ ಎಂದು ಮಹಿಳಾ ವಿಭಾಗದವರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಊರಿನಲ್ಲಿದ್ದ ನಮ್ಮ ದೊಡ್ಡಮ್ಮ. ಅವರ ಬಗ್ಗೆ ಬರೆಯಲು ಹೊರಟವಳು ಇನ್ನೊಬ್ಬರ ಬಗ್ಗೆ ಬರೆಯುತ್ತಿದ್ದೇನೆ. ಯಾಕೆ ಎಂದು ಓದುತ್ತಾ ಹೋದಂತೆ ನಿಮಗೇ ತಿಳಿಯುತ್ತದೆ.

ದೊಡ್ಡಮ್ಮನಿಗೆ ಎರಡು ವರ್ಷವಿದ್ದಾಗ ಜ್ವರ ಬಂತು. ಜ್ವರ ಬಿಟ್ಟಿತು, ಬಲಗಾಲು ಮಾತ್ರ ಮತ್ತೆ ಏಳಲಿಲ್ಲ. ಅದು ಕುಂದಾಪುರದ ಹತ್ತಿರದ ಒಂದು ಹಳ್ಳಿ, 1950ರ ದಶಕ. ಎಣ್ಣೆ ತಿಕ್ಕಿದರು, ಹರಕೆ ಹೊತ್ತರು, ಕಷಾಯ ಕುಡಿಸಿದರು. ನಾಲ್ಕನೇ ಕ್ಲಾಸಿನ ತನಕ ಅಜ್ಜಿ ಸೊಂಟದ ಮೇಲೆ ಎತ್ತಿಕೊಂಡು ಶಾಲೆಗೆ ಬಿಟ್ಟು ಬರುತ್ತಿದ್ದರಂತೆ. ಆಮೇಲೆ ಎತ್ತುವುದು ಕಷ್ಟವಾಯಿತು, ಶಾಲೆ ನಿಂತಿತು. ಚಾವಡಿಯಲ್ಲಿ ಕೂತು, ಎಡಗಾಲಿನಲ್ಲೇ ಹೊಲಿಗೆ ಮೆಷಿನ್ ತುಳಿದು, ಊರಿನ ಹೆಂಗಸರಿಗೆಲ್ಲ ರವಿಕೆ ಹೊಲಿದುಕೊಟ್ಟು ದೊಡ್ಡಮ್ಮ ಬದುಕು ಸಾಗಿಸಿದರು.

ಆಗ ನಮ್ಮ ಅಜ್ಜ ಎಲ್ಲಿದ್ದರು ಗೊತ್ತೇ? ಇದೇ ಮುಂಬಯಿಯಲ್ಲಿ, ಗ್ರಾಂಟ್ ರೋಡ್ ಸ್ಟೇಷನ್ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಕೆಲಸಕ್ಕಿದ್ದರು. ಪೋಲಿಯೋ ಬಂದ ಮಕ್ಕಳನ್ನು ನಡೆಸುವುದಕ್ಕೆಂದೇ ಕಟ್ಟಿದ ಆಸ್ಪತ್ರೆ ಆ ಹೋಟೆಲಿನಿಂದ ಮೂರು ಕಿಲೋಮೀಟರಿನ ಒಳಗೆ, ಹಾಜಿ ಅಲಿಯಲ್ಲಿ ಇತ್ತು. ಅಜ್ಜನಿಗೆ ಅದು ಗೊತ್ತಿರಲಿಲ್ಲ. ಹೇಳುವವರೂ ಇರಲಿಲ್ಲ. ನನಗೇ ಇದು ತಿಳಿದದ್ದು ಇತ್ತೀಚೆಗೆ, ಆ ಆಸ್ಪತ್ರೆ ಕಟ್ಟಿಸಿದ ಫಾತಿಮಾ ಇಸ್ಮಾಯಿಲ್ ಅವರ ಬಗ್ಗೆ ಓದಿದಾಗ.

ಸೋಬಾನಿ ಮನೆತನದ ಮಗಳು

ಫಾತಿಮಾ ಹುಟ್ಟಿದ್ದು 1903ರಲ್ಲಿ. ತಂದೆ ಹಾಜಿ ಯೂಸುಫ್ ಸೋಬಾನಿ, ಮುಂಬಯಿಯ ದೊಡ್ಡ ಹತ್ತಿ ಮತ್ತು ಗಿರಣಿ ವ್ಯಾಪಾರಿ. ಅಣ್ಣ ಉಮರ್ ಸೋಬಾನಿಯವರ ಹೆಸರು ಸ್ವಾತಂತ್ರ್ಯ ಚಳವಳಿಯ ಇತಿಹಾಸ ಓದಿದವರಿಗೆ ಪರಿಚಯವಿರಬಹುದು. ಹೋಮ್ ರೂಲ್ ಚಳವಳಿಯಲ್ಲಿ ಮುಂದೆ ನಿಂತವರು, ಯಂಗ್ ಇಂಡಿಯಾ ಪತ್ರಿಕೆಯನ್ನು ಗಾಂಧೀಜಿಯವರ ಕೈಗೆ ಒಪ್ಪಿಸಿದ ಗೆಳೆಯರಲ್ಲಿ ಒಬ್ಬರು. 1921ರ ಜುಲೈ 31ರಂದು ಪರೇಲಿನಲ್ಲಿ ವಿದೇಶಿ ಬಟ್ಟೆಗಳ ದೊಡ್ಡ ರಾಶಿಗೆ ಗಾಂಧೀಜಿ ಬೆಂಕಿ ಹಚ್ಚಿದರಲ್ಲ, ಅದು ನಡೆದದ್ದು ಉಮರ್ ಸೋಬಾನಿಯವರ ಎಲ್ಫಿನ್‌ಸ್ಟನ್ ಮಿಲ್ಲಿನ ಆವರಣದಲ್ಲಿ. ಬಟ್ಟೆ ಮಾಡಿಯೇ ಬದುಕುವ ಮನೆಯವರು ಬಟ್ಟೆ ಸುಡುವುದಕ್ಕೆ ತಮ್ಮ ಅಂಗಳ ಬಿಟ್ಟುಕೊಟ್ಟರು. ಮುಂದೆ ಹತ್ತಿ ವ್ಯಾಪಾರದಲ್ಲಿ ಉಮರ್ ಎಲ್ಲವನ್ನೂ ಕಳೆದುಕೊಂಡರು. 1926ರಲ್ಲಿ ಸಣ್ಣ ವಯಸ್ಸಿನಲ್ಲೇ ತೀರಿಕೊಂಡರು.

ಇಂಥ ಮನೆಯ ಮಗಳು ಫಾತಿಮಾ. ಮದುವೆಯಾದ ಮೇಲೂ ಸಾರ್ವಜನಿಕ ಕೆಲಸ ಬಿಡಲಿಲ್ಲ. ಅಖಿಲ ಭಾರತ ಮಹಿಳಾ ಪರಿಷತ್ತಿನಲ್ಲಿ ದುಡಿದರು. ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು ಕಟ್ಟಿ ಬೆಳೆಸಿದ ಸಂಸ್ಥೆಗಳಲ್ಲಿ ಅದೂ ಒಂದು ಎಂಬುದನ್ನು ಇಲ್ಲಿ ನೆನಪಿಸಿಕೊಳ್ಳಬಹುದು. 1942ರ ಆಗಸ್ಟ್‌ನಲ್ಲಿ ಗ್ರಾಂಟ್ ರೋಡ್ ಪಶ್ಚಿಮದ ಗೊವಾಲಿಯಾ ಟ್ಯಾಂಕ್ ಮೈದಾನದಲ್ಲಿ ಕ್ವಿಟ್ ಇಂಡಿಯಾ ಕರೆ ಮೊಳಗಿತು. ನಾಯಕರೆಲ್ಲ ಜೈಲು ಸೇರಿದರು, ಉಳಿದವರು ಭೂಗತರಾದರು. ಆ ದಿನಗಳಲ್ಲಿ ಭೂಗತ ಹೋರಾಟಗಾರರಿಗೆ ಆಶ್ರಯ ಕೊಟ್ಟ ಮನೆಗಳಲ್ಲಿ ಫಾತಿಮಾ ಅವರದೂ ಒಂದು. ಈಗ ಅದೇ ಮೈದಾನ ಆಗಸ್ಟ್ ಕ್ರಾಂತಿ ಮೈದಾನ. ಬೆಳಗ್ಗೆ ವಾಕಿಂಗ್ ಹೋಗುವವರು ನಮ್ಮಲ್ಲೂ ಕೆಲವರಿದ್ದಾರೆ.

ಜ್ವರ ಬಿಟ್ಟ ಮೇಲೆ

ಸ್ವಾತಂತ್ರ್ಯ ಬರುವುದಕ್ಕೆ ಕೆಲವೇ ವರ್ಷ ಮೊದಲು ಫಾತಿಮಾ ಅವರ ಪುಟ್ಟ ಮಗಳಿಗೆ ಪೋಲಿಯೋ ತಗಲಿತು.

ಪೋಲಿಯೋ ಅಂದರೆ ಏನು ಎಂದು ಇಂದಿನ ಮಕ್ಕಳಿಗೆ ಗೊತ್ತಿಲ್ಲ. ಎರಡು ಹನಿ ಎಂದರೆ ಮಾತ್ರ ಗೊತ್ತು. ಇದು ನೀರು, ಆಹಾರ, ಕೊಳಕು ಕೈಗಳ ಮೂಲಕ ಹೊಟ್ಟೆ ಸೇರುವ ವೈರಸ್. ತಗಲಿದ ಹೆಚ್ಚಿನ ಮಕ್ಕಳಿಗೆ ಏನೂ ಆಗುವುದಿಲ್ಲ. ಸುಮಾರು 200ರಲ್ಲಿ ಒಂದು ಮಗುವಿಗೆ ಮಾತ್ರ ವೈರಸ್ ಬೆನ್ನುಹುರಿಯೊಳಗೆ ಹೋಗಿ, ಸ್ನಾಯುಗಳಿಗೆ ಆಜ್ಞೆ ಕಳಿಸುವ ನರಕೋಶಗಳನ್ನು ಕೊಲ್ಲುತ್ತದೆ. ಕಾಲು ಇರುತ್ತದೆ, ಸ್ಪರ್ಶವೂ ತಿಳಿಯುತ್ತದೆ, ಆದರೆ ಎತ್ತು ಎಂದರೆ ಏಳುವುದಿಲ್ಲ. ನಮ್ಮ ಐಟಿ ಭಾಷೆಯಲ್ಲಿ ಹೇಳುವುದಾದರೆ ಯಂತ್ರ ಸರಿಯಾಗಿದೆ, ಕಮಾಂಡ್ ಹೋಗುವ ಲೈನ್ ಕಡಿದಿದೆ. ಸತ್ತ ನರಕೋಶ ಮತ್ತೆ ಹುಟ್ಟುವುದಿಲ್ಲ. ಆದರೆ ಕೆಲವು ಕೋಶಗಳು ಉಳಿದಿರುತ್ತವೆ. ಅವುಗಳಿಂದಲೇ ಕೆಲಸ ತೆಗೆಯುವಂತೆ ಸ್ನಾಯುಗಳಿಗೆ ದಿನವೂ ಅಭ್ಯಾಸ ಮಾಡಿಸಬೇಕು. ಕೀಲುಗಳು ಸೊಟ್ಟಗಾಗದಂತೆ ನೋಡಿಕೊಳ್ಳಬೇಕು. ಬೇಕಾದರೆ ಶಸ್ತ್ರಚಿಕಿತ್ಸೆ, ಆಮೇಲೆ ಕ್ಯಾಲಿಪರ್. ಇದು ಒಂದು ದಿನದ ಚಿಕಿತ್ಸೆಯಲ್ಲ, ವರ್ಷಗಟ್ಟಲೆ ಮಾಡುವ ಸಾಧನೆ.

ಆಗ ಲಸಿಕೆ ಇರಲಿಲ್ಲ. ಡಾ. ಸಾಲ್ಕ್ ಅವರ ಲಸಿಕೆ ಬಂದದ್ದು 1955ರಲ್ಲಿ, ಬಾಯಿಗೆ ಹಾಕುವ ಸೇಬಿನ್ ಲಸಿಕೆ ಇನ್ನೂ ಆಮೇಲೆ. ಅದಕ್ಕಿಂತ ಮುಖ್ಯವಾಗಿ, ಕಾಲು ಬಿದ್ದ ಮಗುವಿಗೆ ಜ್ವರದ ನಂತರ ಏನು ಮಾಡಬೇಕು ಎಂದು ಹೇಳಿಕೊಡುವ ಜಾಗವೇ ನಮ್ಮ ದೇಶದಲ್ಲಿ ಇರಲಿಲ್ಲ ಎನ್ನಬಹುದು. ಹಣವಿದ್ದ, ಓದಿದ್ದ, ದೊಡ್ಡವರ ಪರಿಚಯವಿದ್ದ ಫಾತಿಮಾ ಅವರಿಗೇ ದಾರಿ ಕಾಣಲಿಲ್ಲ ಎಂದ ಮೇಲೆ ನಮ್ಮ ಅಜ್ಜಿಗೆ ಎಲ್ಲಿ ಕಾಣಬೇಕು!

ಫಾತಿಮಾ ಮಗಳನ್ನು ಎತ್ತಿಕೊಂಡು ಊರೂರು ಅಲೆದರು. ಕೊನೆಗೆ ದಾರಿ ತೋರಿಸಿದವರು ಮದ್ರಾಸಿನಲ್ಲಿ ಹೆಸರು ಮಾಡಿದ್ದ ಮೂಳೆ ತಜ್ಞ ಡಾ. ಎಂ. ಜಿ. ಕಿಣಿ. ಆ ಎಂ ಎಂದರೆ ಮಂಗಳೂರು. ನಮ್ಮ ಕರಾವಳಿಯ ಡಾಕ್ಟರು. ಭಾರತದಲ್ಲಿ ಮೂಳೆ ಶಸ್ತ್ರಚಿಕಿತ್ಸೆ ಒಂದು ಬೇರೆ ಶಾಸ್ತ್ರವಾಗಿ ಬೆಳೆಯಲು ದುಡಿದ ಮೊದಲಿಗರಲ್ಲಿ ಒಬ್ಬರು. ಫಾತಿಮಾ ತಿಂಗಳುಗಟ್ಟಲೆ ಮದ್ರಾಸಿನಲ್ಲೇ ಉಳಿದು ಮಗಳಿಗೆ ಚಿಕಿತ್ಸೆ ಕೊಡಿಸಿದರು.

ಅಲ್ಲಿಂದ ಪುಣೆ. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರಿಗೆ ವ್ಯಾಯಾಮ ಮಾಡಿಸುವ ಸಲಕರಣೆಗಳೂ ತಿಳಿದವರೂ ಅಲ್ಲಿ ಇದ್ದರು. ಜಗತ್ತಿನಲ್ಲಿ ಪುನರ್ವಸತಿ ಶಾಸ್ತ್ರ ಬೆಳೆದದ್ದೇ ಹೀಗೆ. ಯುದ್ಧಕ್ಕೆ ಕಳಿಸಿದ ಸರಕಾರ, ಕೈಕಾಲು ಕಳೆದುಕೊಂಡು ಬಂದವರಿಗೆ ಉತ್ತರ ಹೇಳಬೇಕಾಯಿತು. ಸೈನಿಕರಿಗಾಗಿ ಹುಟ್ಟಿದ ವಿದ್ಯೆಯನ್ನು ಒಬ್ಬ ತಾಯಿ ತನ್ನ ಮಗುವಿಗೆ ಕೇಳಿ ಪಡೆದಳು. ನೋಡಿ ನೋಡಿ ಫಾತಿಮಾ ತಾವೂ ಕಲಿತರು. ಯಾವ ಸ್ನಾಯುವಿಗೆ ಯಾವ ವ್ಯಾಯಾಮ, ಎಷ್ಟು ಹೊತ್ತು, ಮಗು ಅತ್ತರೆ ಏನು ಮಾಡಬೇಕು, ಬೇಸರವಾದರೆ ಹೇಗೆ ಹುರುಪು ತುಂಬಬೇಕು ಎಲ್ಲವನ್ನೂ ತಿಳಿದುಕೊಂಡರು. ಕೆಲವು ವರ್ಷಗಳ ಈ ಶ್ರಮದ ನಂತರ ಮಗಳು ನಡೆದಳು.

ಬೇರೆಯವರಾಗಿದ್ದರೆ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ದೇವರಿಗೆ ಕೈಮುಗಿದು ಮನೆಗೆ ಹೋಗುತ್ತಿದ್ದರು.

ಚೌಪಾಟಿಯ ಪುಟ್ಟ ಕ್ಲಿನಿಕ್

ಫಾತಿಮಾ ಅವರನ್ನು ಕಾಡಿದ್ದು ಬೇರೆ ಮಕ್ಕಳ ಪ್ರಶ್ನೆ. ನನ್ನ ಮಗಳಿಗೆ ಸಿಕ್ಕಿದ್ದು ಬೇರೆಯವರ ಮಗುವಿಗೆ ಯಾಕೆ ಸಿಗಬಾರದು? ಮದ್ರಾಸಿಗೆ ಹೋಗಲು ಆಗದವರು, ತಿಂಗಳುಗಟ್ಟಲೆ ಮನೆ ಬಿಟ್ಟು ಇರಲಾಗದವರು ಏನು ಮಾಡಬೇಕು?

1947ರಲ್ಲಿ ಮುಂಬಯಿಯಲ್ಲಿ ಒಂದು ಕ್ಲಿನಿಕ್ ತೆರೆಯಲು ಹೊರಟರು. ಆಗಿನ ಪರಿಸ್ಥಿತಿಯನ್ನು ನೆನೆಸಿಕೊಳ್ಳಿ. ದೇಶ ಒಡೆಯುತ್ತಿದೆ, ನಿರಾಶ್ರಿತರು ಬಂದು ತುಂಬುತ್ತಿದ್ದಾರೆ, ಸರಕಾರಕ್ಕೆ ನೂರು ಚಿಂತೆ. ಅಂಥ ವರ್ಷದಲ್ಲಿ ಒಬ್ಬ ಮುಸ್ಲಿಂ ಮಹಿಳೆ ಎಲ್ಲ ಜಾತಿ ಮತಗಳ ಮಕ್ಕಳ ಕಾಲಿನ ಬಗ್ಗೆ ಮಾತಾಡುತ್ತಾ ಬಾಗಿಲು ಬಾಗಿಲು ತಟ್ಟುತ್ತಿದ್ದರು. ಅವರಿಗೆ ವೈದ್ಯಕೀಯ ಪದವಿ ಇರಲಿಲ್ಲ. ಹಾಗಾಗಿ ಜೊತೆಗೆ ನಿಲ್ಲುವ ಡಾಕ್ಟರು ಬೇಕಿತ್ತು.

ಆಗ ಸಹಾಯಕ್ಕೆ ಬಂದವರು ಮತ್ತೊಬ್ಬ ನಮ್ಮವರು, ಡಾ. ಎ. ವಿ. ಬಾಳಿಗಾ. ಉಡುಪಿ ಕಡೆಯಿಂದ ಬಂದು ಕೆ.ಇ.ಎಂ. ಆಸ್ಪತ್ರೆಯಲ್ಲಿ ದೊಡ್ಡ ಸರ್ಜನ್ ಎನಿಸಿಕೊಂಡವರು. ಊರಿನಲ್ಲಿ ವಿದ್ಯಾಸಂಸ್ಥೆಗಳಿಗೆ ಕೈಬಿಚ್ಚಿ ಕೊಟ್ಟವರು. ಕುಮಟಾದ ಡಾ. ಬಾಳಿಗಾ ಕಾಲೇಜಿನಲ್ಲಿ ಓದಿದವರು ನಮ್ಮ ಸಂಘದಲ್ಲೇ ಎಷ್ಟು ಮಂದಿ ಇದ್ದೀರಿ! ಆ ಹೆಸರಿನ ಹಿಂದಿನ ವ್ಯಕ್ತಿ ಇವರೇ. ಇಂಥವರ ಬೆಂಬಲದಿಂದ ಚೌಪಾಟಿಯಲ್ಲಿ ಸಣ್ಣ ಜಾಗ ಸಿಕ್ಕಿ ಪೋಲಿಯೋ ಮಕ್ಕಳ ಕ್ಲಿನಿಕ್ ಶುರುವಾಯಿತು. ಗ್ರಾಂಟ್ ರೋಡ್ ಸ್ಟೇಷನ್ನಿನ ಪಶ್ಚಿಮಕ್ಕೆ ಇಳಿದು, ಭಾಜಿ ಗಲ್ಲಿಯ ತರಕಾರಿ ಗದ್ದಲ ದಾಟಿ, ಸಮುದ್ರದ ಗಾಳಿ ಬರುವ ಕಡೆಗೆ ನಡೆದರೆ ಚೌಪಾಟಿ.

ಅದೇ 1947ರಲ್ಲಿ ಸೊಸೈಟಿ ಫಾರ್ ದಿ ರಿಹ್ಯಾಬಿಲಿಟೇಶನ್ ಆಫ್ ಕ್ರಿಪಲ್ಡ್ ಚಿಲ್ಡ್ರನ್ ಎಂಬ ಸಂಸ್ಥೆಯೂ ಹುಟ್ಟಿತು. ಇಂದು ನಾವು ಆ ಪದ ಬಳಸುವುದಿಲ್ಲ, ವಿಕಲಚೇತನರು ಎನ್ನುತ್ತೇವೆ. ಆದರೆ ಹೆಸರಿನ ಮೊದಲ ಭಾಗ ಗಮನಿಸಿ. ಚಿಕಿತ್ಸೆ ಎನ್ನಲಿಲ್ಲ, ಆಶ್ರಯ ಎನ್ನಲಿಲ್ಲ, ಪುನರ್ವಸತಿ ಎಂದರು. ನಮಗೆ ಪುನರ್ವಸತಿ ಎಂದರೆ ಆಲಮಟ್ಟಿಯ ಮುಳುಗಡೆ ಹಳ್ಳಿಗಳು ನೆನಪಾಗುತ್ತವೆ. ಮನೆ ಕಳೆದುಕೊಂಡವರಿಗೆ ಬೇರೆ ಕಡೆ ಮನೆ ಕೊಡುವುದು. ಇಲ್ಲಿಯೂ ಅರ್ಥ ಅಷ್ಟೇನೂ ದೂರವಿಲ್ಲ. ಕಳೆದುಹೋದ ಬಾಳಿನ ಜಾಗವನ್ನು ಮತ್ತೆ ಕೊಡಿಸುವುದು.

ಜನ ಬರತೊಡಗಿದರು. ಜಾಗ ಸಾಲದೆ ಕ್ಲಿನಿಕ್ ಮೆರೀನ್ ಲೈನ್ಸ್‌ನಲ್ಲಿ ಸೈನ್ಯ ಬಿಟ್ಟುಹೋದ ಬ್ಯಾರಕ್‌ಗಳಿಗೆ ಹೋಯಿತು. ಮುಂಬಯಿಯಲ್ಲಿ ಪೋಲಿಯೋ ಎಷ್ಟು ದೊಡ್ಡ ಸಮಸ್ಯೆಯಾಗಿತ್ತು ಎಂದರೆ 1949ರಲ್ಲಿ ಅದರ ಸಂಶೋಧನೆಗೆಂದೇ ಇಲ್ಲಿ ಒಂದು ಘಟಕ ಆರಂಭವಾಯಿತು. ಅದೇ ಮುಂದೆ ಎಂಟರೋವೈರಸ್ ಸಂಶೋಧನಾ ಕೇಂದ್ರವಾಯಿತು.

ಹಾಜಿ ಅಲಿಯಲ್ಲಿ

1950ರ ದಶಕದ ಆರಂಭದಲ್ಲಿ ಹಾಜಿ ಅಲಿಯಲ್ಲಿ ಮಕ್ಕಳ ಮೂಳೆ ಆಸ್ಪತ್ರೆ ಎದ್ದು ನಿಂತಿತು. ದರ್ಗಾದ ಎದುರಿನ ವೃತ್ತದಿಂದ ಮಹಾಲಕ್ಷ್ಮಿ ಸ್ಟೇಷನ್ ಕಡೆಗೆ ಹೋಗುವ ರಸ್ತೆ, ಇಂದಿನ ಕೇಶವರಾವ್ ಖಾಡ್ಯೆ ಮಾರ್ಗ. ಶಸ್ತ್ರಚಿಕಿತ್ಸೆ, ವ್ಯಾಯಾಮ ಚಿಕಿತ್ಸೆ, ಕ್ಯಾಲಿಪರ್ ಎಲ್ಲವೂ ಒಂದೇ ಸೂರಿನಡಿ ಸಿಗುವಂತಾಯಿತು.

ಆಸ್ಪತ್ರೆ ಕಟ್ಟಡ ಆಯಿತು, ಕೆಲಸ ಮಾಡುವವರು? ಆಗ ದೇಶದಲ್ಲಿ ಫಿಸಿಯೋಥೆರಪಿ ಕಲಿಸುವ ಕಾಲೇಜೇ ಇರಲಿಲ್ಲ. ಒಬ್ಬ ತಾಯಿ ತನ್ನ ಮಗಳಿಗಾಗಿ ಕಲಿಯಬಹುದು. ಸಾವಿರಾರು ಮಕ್ಕಳಿಗೆ ಒಬ್ಬ ತಾಯಿ ಸಾಲುವುದಿಲ್ಲ. ಅದು ಪಠ್ಯಕ್ರಮವಾಗಬೇಕು, ಪರೀಕ್ಷೆಯಾಗಬೇಕು, ಪದವಿಯಾಗಬೇಕು. ನಾಳೆ ಫಾತಿಮಾ ಇಲ್ಲದಿದ್ದರೂ ನಡೆಯಬೇಕು. ಈ ಹಂತ ನನಗೆ ಬಹಳ ಇಷ್ಟವಾಗುತ್ತದೆ. ಕರುಣೆಯಿಂದ ಶುರುವಾದದ್ದು ವಿದ್ಯೆಯಾಗಿ ನೆಲೆ ನಿಂತಿತು.

ಇದು ಅವರೊಬ್ಬರ ಕೆಲಸವೇನೂ ಅಲ್ಲ. ಅದೇ ವರ್ಷಗಳಲ್ಲಿ ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಇನ್ನೊಬ್ಬ ಹೆಣ್ಣುಮಗಳು ದುಡಿಯುತ್ತಿದ್ದರು. ಅಮೆರಿಕದ ಕ್ವೇಕರ್ ಮನೆತನದಲ್ಲಿ ಎಲಿಜಬೆತ್ ಲಂಡಿಯಾಗಿ ಹುಟ್ಟಿ, ವಿಷ್ಣು ನಿಂಬಕರ್ ಅವರನ್ನು ಮದುವೆಯಾಗಿ ಬಂದು ಮುಂಬಯಿಯ ಸೊಸೆಯಾದ ಕಮಲಾ ನಿಂಬಕರ್. ಮಕ್ಕಳು ದೊಡ್ಡವರಾದ ಮೇಲೆ, ನಲವತ್ತು ದಾಟಿದ ವಯಸ್ಸಿನಲ್ಲಿ ಅಮೆರಿಕಕ್ಕೆ ಮರಳಿ ಆಕ್ಯುಪೇಶನಲ್ ಥೆರಪಿ ಓದಿ ಬಂದರು. 1950ರಲ್ಲಿ ಕೆ.ಇ.ಎಂ.ನಲ್ಲಿ ಅದನ್ನು ಕಲಿಸುವ ಶಾಲೆ ತೆರೆದರು. 1952ರಲ್ಲಿ ಅಖಿಲ ಭಾರತ ಸಂಘ ಕಟ್ಟಿದರು. ಅದೇ ವರ್ಷ ಆ ವೃತ್ತಿಯ ಜಾಗತಿಕ ಒಕ್ಕೂಟ ಹುಟ್ಟಿದಾಗ ಸ್ಥಾಪಕ ದೇಶಗಳು ಹತ್ತೇ ಹತ್ತು, ಅದರಲ್ಲಿ ಭಾರತವೂ ಒಂದು. ಆಮೇಲೆ ಜರ್ನಲ್ ಆಫ್ ರಿಹ್ಯಾಬಿಲಿಟೇಶನ್ ಇನ್ ಏಷ್ಯಾ ಎಂಬ ಪತ್ರಿಕೆಯನ್ನೂ ನಡೆಸಿದರು. ನಮ್ಮ ಜನರ ಸಮಸ್ಯೆಗೆ ನಮ್ಮವರೇ ಸಂಶೋಧನೆ ಮಾಡಿ ಬರೆಯಬೇಕು ಎಂಬುದು ಅದರ ಹಿಂದಿನ ಆಸೆ. ನಲವತ್ತರ ನಂತರ ಕೆರಿಯರ್ ಬದಲಿಸಬಹುದೇ ಎಂದು ಯೋಚಿಸುತ್ತಿರುವ ನಮ್ಮ ಸದಸ್ಯೆಯರು ಈ ಹೆಸರನ್ನು ನೆನಪಿಟ್ಟುಕೊಳ್ಳಿ.

1953ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಕೆ.ಇ.ಎಂ.ನಲ್ಲೇ ಫಿಸಿಯೋಥೆರಪಿ ಶಾಲೆ ಬಂತು. 1955ರಲ್ಲಿ ವಿಶ್ವಸಂಸ್ಥೆಯ ಸಹಕಾರದಿಂದ ಕೇಂದ್ರ ಸರಕಾರ ಹಾಜಿ ಅಲಿಯಲ್ಲಿ, ಫಾತಿಮಾ ಅವರ ಆಸ್ಪತ್ರೆಯ ಪಕ್ಕದಲ್ಲೇ, ಅಖಿಲ ಭಾರತ ಭೌತಚಿಕಿತ್ಸೆ ಮತ್ತು ಪುನರ್ವಸತಿ ಸಂಸ್ಥೆಯನ್ನು ಪ್ರಾಯೋಗಿಕ ಯೋಜನೆಯಾಗಿ ಆರಂಭಿಸಿತು. ಇಂದಿಗೂ ಅಲ್ಲಿ ವೈದ್ಯರು, ಥೆರಪಿಸ್ಟರು, ಕೃತಕ ಕೈಕಾಲು ತಯಾರಿಸುವವರು, ಸಮಾಜಕಾರ್ಯಕರ್ತರು ಒಂದು ತಂಡವಾಗಿ ಕೆಲಸ ಮಾಡುತ್ತಾರೆ, ಹೊಸಬರಿಗೆ ಕಲಿಸುತ್ತಾರೆ.

1958ರಲ್ಲಿ ಸರಕಾರ ಫಾತಿಮಾ ಅವರಿಗೆ ಪದ್ಮಶ್ರೀ ಕೊಟ್ಟಿತು.

ನಡೆದರೆ ಸಾಕೇ?

ಕಾಲು ನಡೆಯಿತು ಎಂದುಕೊಳ್ಳೋಣ. ಆಮೇಲೆ? ಹದಿನೆಂಟು ತುಂಬಿದ ಹುಡುಗ ಕ್ಯಾಲಿಪರ್ ಹಾಕಿಕೊಂಡು ಕೆಲಸ ಕೇಳಲು ಹೋದರೆ ಕೊಡುವವರು ಯಾರು? ಫಾತಿಮಾ ಅಲ್ಲಿಗೂ ಹೋದರು. ಫೆಲೋಶಿಪ್ ಆಫ್ ದಿ ಫಿಸಿಕಲಿ ಹ್ಯಾಂಡಿಕ್ಯಾಪ್ಡ್ ಎಂಬ ಸಂಸ್ಥೆ ಕಟ್ಟಿ, ಹಾಜಿ ಅಲಿಯಲ್ಲೇ ಕೆಲಸ ಕಲಿಸಿ ಕೆಲಸ ಕೊಡುವ ವರ್ಕ್‌ಶಾಪ್ ನಡೆಸಿದರು. ಆಸ್ಪತ್ರೆಯ ಹಾಸಿಗೆಯಿಂದ ಸಂಬಳದ ದಿನದವರೆಗೆ ಒಂದೇ ದಾರಿ ಎಂದು ಅವರು ತಿಳಿದಿದ್ದರು.

ಈ ದಾರಿಯಲ್ಲಿ ಕೈಹಿಡಿದು ನಡೆಸುವ ವೃತ್ತಿಗೆ ಇಂದು ರಿಹ್ಯಾಬಿಲಿಟೇಶನ್ ಕೌನ್ಸೆಲಿಂಗ್ ಎನ್ನುತ್ತಾರೆ. ಕನ್ನಡದಲ್ಲಿ ಪುನರ್ವಸತಿ ಆಪ್ತಸಮಾಲೋಚನೆ. ಡಾಕ್ಟರು ಕಾಲು ನೋಡುತ್ತಾರೆ, ಥೆರಪಿಸ್ಟರು ಸ್ನಾಯು ನೋಡುತ್ತಾರೆ, ಈ ಸಮಾಲೋಚಕರು ಇಡೀ ಮನುಷ್ಯನನ್ನು ನೋಡುತ್ತಾರೆ. ನಿನಗೆ ಏನು ಇಷ್ಟ, ಏನು ಬರುತ್ತದೆ, ಯಾವ ಕೋರ್ಸ್ ಆಗಬಹುದು, ಯಾವ ಸೌಲಭ್ಯ ಇದೆ, ಆಫೀಸಿನಲ್ಲಿ ಏನು ಬದಲಾವಣೆ ಬೇಕು, ಮನೆಯವರನ್ನು ಹೇಗೆ ಒಪ್ಪಿಸಬೇಕು, ಇವೆಲ್ಲ ಅವರ ಕೆಲಸ. ಅಮೆರಿಕದಲ್ಲಿ 1954ರ ಕಾನೂನು ವಿಶ್ವವಿದ್ಯಾಲಯಗಳಿಗೆ ಹಣ ಒದಗಿಸಿದ ಮೇಲೆ ಇದು ಸ್ನಾತಕೋತ್ತರ ಪದವಿಯ ವಿಷಯವಾಗಿ ಬೆಳೆಯಿತು. ಅಲ್ಲಿ ಪ್ರಾಧ್ಯಾಪಕರು, ಪಿಎಚ್‌ಡಿ, ಸಂಶೋಧನಾ ಪತ್ರಿಕೆಗಳು ಎಲ್ಲ ಇವೆ.

ನಮ್ಮಲ್ಲಿ ಅದು ಬೇರೆ ಬೇರೆ ಬಾಗಿಲುಗಳಿಂದ ಬಂತು. ಒಂದು ಬಾಗಿಲು ಗ್ರಾಂಟ್ ರೋಡಿನ ಪೂರ್ವಕ್ಕೇ ಇದೆ. 1936ರಲ್ಲಿ ನಾಗಪಾಡಾದಲ್ಲಿ ಸರ್ ದೊರಾಬ್ಜಿ ಟಾಟಾ ಹೆಸರಿನ ಸಮಾಜಕಾರ್ಯ ಶಾಲೆ ಆರಂಭವಾಯಿತು. ಅದೇ ಈಗ ದೇವನಾರ್‌ನಲ್ಲಿರುವ ಟಾಟಾ ಸಮಾಜ ವಿಜ್ಞಾನ ಸಂಸ್ಥೆ. ಮರುವರ್ಷವೇ ಅಲ್ಲಿ ಮಕ್ಕಳ ಮಾರ್ಗದರ್ಶನ ಚಿಕಿತ್ಸಾಲಯ ಬಂತು. ಇನ್ನೊಂದು ಬಾಗಿಲು ಉದ್ಯೋಗ ಇಲಾಖೆಯದು. ವಿಕಲಚೇತನರಿಗೆಂದೇ ದೇಶದ ಮೊದಲ ಉದ್ಯೋಗ ವಿನಿಮಯ ಕಚೇರಿ ತೆರೆದದ್ದು 1959ರಲ್ಲಿ, ಮುಂಬಯಿಯಲ್ಲಿ. ಮೊದಲ ಎರಡು ವೃತ್ತಿ ಪುನರ್ವಸತಿ ಕೇಂದ್ರಗಳು 1968ರಲ್ಲಿ ಬಂದವು. ಒಂದು ಹೈದರಾಬಾದಿನಲ್ಲಿ, ಇನ್ನೊಂದು ಮತ್ತೆ ಮುಂಬಯಿಯಲ್ಲಿ.

ಗ್ರಾಂಟ್ ರೋಡಿನ ಉತ್ತರಕ್ಕೆ ತಾಡದೇವ್‌ನಲ್ಲಿ 1902ರಿಂದ ಅಂಧ ಮಕ್ಕಳ ವಿಕ್ಟೋರಿಯಾ ಮೆಮೋರಿಯಲ್ ಶಾಲೆಯೂ ಇದೆ. ಮ್ಯಾಪಿನಲ್ಲಿ ಸ್ಟೇಷನ್ನಿನ ಮೇಲೆ ಬೆರಳಿಟ್ಟು ಮೂರು ಕಿಲೋಮೀಟರಿನ ಒಂದು ವೃತ್ತ ಎಳೆದು ನೋಡಿ. ಚೌಪಾಟಿ, ನಾಗಪಾಡಾ, ತಾಡದೇವ್, ಹಾಜಿ ಅಲಿ ಎಲ್ಲವೂ ಅದರೊಳಗೇ ಇವೆ. ನಮ್ಮ ಅಜ್ಜ ಆ ವೃತ್ತದ ನಟ್ಟನಡುವೆ ಇಪ್ಪತ್ತು ವರ್ಷ ಕಾಫಿ ಲೋಟ ಎತ್ತಿದರು.

ಸಂಸತ್ತು ಮತ್ತು ಕೊನೆಯ ವರ್ಷಗಳು

1978ರಲ್ಲಿ ಫಾತಿಮಾ ಇಸ್ಮಾಯಿಲ್ ರಾಜ್ಯಸಭೆಗೆ ನಾಮಕರಣಗೊಂಡರು. ಆಗ ಅವರಿಗೆ ಎಪ್ಪತ್ತೈದು ವರ್ಷ. 1984ರವರೆಗೆ ಸದಸ್ಯರಾಗಿದ್ದರು. ನಡುವೆ 1981 ಬಂತು. ವಿಶ್ವಸಂಸ್ಥೆ ಅದನ್ನು ಅಂತರರಾಷ್ಟ್ರೀಯ ವಿಕಲಚೇತನರ ವರ್ಷವೆಂದು ಘೋಷಿಸಿತ್ತು. ಮೂವತ್ತು ವರ್ಷಗಳ ಹಿಂದೆ ಬ್ಯಾರಕ್‌ನಲ್ಲಿ ಮಕ್ಕಳ ಕಾಲು ತಿಕ್ಕಿಸಿದವರಿಗೆ ಇಡೀ ಜಗತ್ತು ಆ ವಿಷಯ ಮಾತಾಡುವುದನ್ನು ಕೇಳುವ ಭಾಗ್ಯ ಬಂತು. 1983ರಲ್ಲಿ ಬಾಂದ್ರಾದಲ್ಲಿ ಶ್ರವಣದೋಷವುಳ್ಳವರಿಗಾಗಿ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಆರಂಭವಾಯಿತು.

1987ರಲ್ಲಿ ಫಾತಿಮಾ ತೀರಿಕೊಂಡರು. 1995ರಲ್ಲಿ ಪಲ್ಸ್ ಪೋಲಿಯೋ ಶುರುವಾದದ್ದನ್ನು ಅವರು ನೋಡಲಿಲ್ಲ. ದೇಶದ ಕೊನೆಯ ಪೋಲಿಯೋ ಪ್ರಕರಣ 2011ರ ಜನವರಿಯಲ್ಲಿ ಹೌರಾದಲ್ಲಿ ಕಂಡುಬಂತು. 2014ರ ಮಾರ್ಚ್‌ನಲ್ಲಿ ಭಾರತ ಪೋಲಿಯೋ ಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು. ಅವರ ಆಸ್ಪತ್ರೆಯ ಜಾಗದಲ್ಲಿ 2017ರಲ್ಲಿ ಹೊಸ ಬಹುಮಹಡಿ ಮಕ್ಕಳ ಆಸ್ಪತ್ರೆ ಬಂತು. ಅದನ್ನು ಸಂಸ್ಥೆಯ ಜೊತೆಗೂಡಿ ಆರಂಭಿಸಿದ್ದು ನಮ್ಮ ಡಾ. ದೇವಿ ಶೆಟ್ಟಿಯವರ ನಾರಾಯಣ ಹೆಲ್ತ್. ಕಿಣಿ, ಬಾಳಿಗಾ, ಶೆಟ್ಟಿ! ಈ ಕಥೆಯ ಪ್ರತಿ ತಿರುವಿನಲ್ಲೂ ನಮ್ಮ ಕರಾವಳಿಯ ಒಬ್ಬರು ನಿಂತಿದ್ದಾರೆ ಎಂಬುದು ಹೆಮ್ಮೆಯ ಮಾತು. ಆದರೂ ನಮ್ಮ ಮನೆಗೆ ಸುದ್ದಿ ತಲುಪಲಿಲ್ಲ ಎಂಬುದು ಅಷ್ಟೇ ನಿಜ.

ನಮ್ಮ ಮಕ್ಕಳಿಗೆ ಒಂದು ಮಾತು

ಪೋಲಿಯೋ ಹೋಯಿತು, ಈ ವಿದ್ಯೆಯ ಅಗತ್ಯ ಹೋಗಲಿಲ್ಲ. ರಸ್ತೆ ಅಪಘಾತ, ಪಾರ್ಶ್ವವಾಯು, ಆಟಿಸಂ, ಸೆರೆಬ್ರಲ್ ಪಾಲ್ಸಿ, ಮಾನಸಿಕ ಕಾಯಿಲೆ ಎಲ್ಲಕ್ಕೂ ಅದು ಬೇಕು. 2016ರ ಹೊಸ ಕಾನೂನು 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ, ಸರಕಾರಿ ಉದ್ಯೋಗದಲ್ಲಿ ಶೇಕಡಾ 4ರಷ್ಟು ಮೀಸಲಾತಿ ಕೊಟ್ಟಿದೆ. ಕಾನೂನಿನಲ್ಲಿ ಇದೆ ಎಂದರೆ ಸಾಲದು. ಅದನ್ನು ಮನೆಯ ಬಾಗಿಲಿಗೆ ತಂದು ಹೇಳುವವರು ಬೇಕು.

ಪ್ರತಿ ಜೂನ್‌ನಲ್ಲೂ ಹನ್ನೆರಡನೇ ತರಗತಿ ಮುಗಿಸಿದ ಮಕ್ಕಳ ತಾಯಂದಿರು ನನಗೆ ಫೋನ್ ಮಾಡುತ್ತಾರೆ. ಕಂಪ್ಯೂಟರ್ ಸೈನ್ಸ್ ಒಳ್ಳೆಯದೋ ಡೇಟಾ ಸೈನ್ಸ್ ಒಳ್ಳೆಯದೋ ಎಂದು ಕೇಳುತ್ತಾರೆ. ಎಂ.ಟೆಕ್ ಮಾಡಿದವಳು ನಾನು, ಅದರ ವಿರುದ್ಧ ಹೇಳುವುದಿಲ್ಲ. ಆದರೆ ಮನುಷ್ಯರ ಜೊತೆ ಮಾತಾಡಲು ಇಷ್ಟಪಡುವ ಮಗು ನಿಮ್ಮ ಮನೆಯಲ್ಲಿದ್ದರೆ ಈ ದಾರಿಯನ್ನೂ ತೋರಿಸಿ. 1992ರ ಕಾನೂನಿನಡಿ ರಚನೆಯಾದ ಭಾರತೀಯ ಪುನರ್ವಸತಿ ಪರಿಷತ್ತು ಪುನರ್ವಸತಿ ಸಮಾಲೋಚಕರು, ಪುನರ್ವಸತಿ ಮನಶ್ಶಾಸ್ತ್ರಜ್ಞರು, ವಿಶೇಷ ಶಿಕ್ಷಕರು, ವೃತ್ತಿ ಸಮಾಲೋಚಕರು ಮುಂತಾದವರನ್ನು ನೋಂದಾಯಿಸುತ್ತದೆ. ಕೋರ್ಸ್ ಸೇರುವ ಮೊದಲು ಅದಕ್ಕೆ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ತಪ್ಪದೆ ನೋಡಿ. 2000ದ ತಿದ್ದುಪಡಿ ಸಂಶೋಧನೆಗೆ ಪ್ರೋತ್ಸಾಹ ಕೊಡುವುದನ್ನೂ ಪರಿಷತ್ತಿನ ಹೊಣೆಗೆ ಸೇರಿಸಿತು. ಮುಂಬಯಿಯಲ್ಲಿ ಟಾಟಾ ಸಂಸ್ಥೆ, ಹಾಜಿ ಅಲಿಯ ಸಂಸ್ಥೆ, ಬಾಂದ್ರಾದ ಸಂಸ್ಥೆ ಇವೆ. ಊರ ಕಡೆ ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇವೆ. ಓದಬಹುದು, ಕಲಿಸಬಹುದು, ಸಂಶೋಧನೆ ಮಾಡಬಹುದು. ಕನ್ನಡದಲ್ಲಿ ಮಾತಾಡಿ ಕನ್ನಡದ ಮನೆಗಳ ಕಷ್ಟ ಅರಿತು ಬರೆಯುವ ಸಂಶೋಧಕರು ಇನ್ನೂ ಎಷ್ಟೋ ಮಂದಿ ಬೇಕು.

ಐಟಿಯಲ್ಲಿರುವವರಿಗೂ ಇದರಲ್ಲಿ ಪಾಲಿದೆ. ಒಮ್ಮೆ ನಾನು ಮಾಡಿದ ಒಂದು ಆನ್‌ಲೈನ್ ಫಾರ್ಮನ್ನು ಕಣ್ಣು ಕಾಣದ ಸಹೋದ್ಯೋಗಿಯೊಬ್ಬರು ಸ್ಕ್ರೀನ್ ರೀಡರ್ ಹಾಕಿ ತೆರೆದರು. ನನ್ನ ಬಟನ್‌ಗಳಿಗೆ ಹೆಸರೇ ಕೊಟ್ಟಿರಲಿಲ್ಲ. ಅವರಿಗೆ ಪ್ರತಿ ಸಲ ಬಟನ್, ಬಟನ್ ಎಂದಷ್ಟೇ ಕೇಳಿಸುತ್ತಿತ್ತು. ಯಾವುದನ್ನು ಒತ್ತಬೇಕು ಎಂದು ತಿಳಿಯುವುದು ಹೇಗೆ? ಸರಿಪಡಿಸಲು ನನಗೆ ಹಿಡಿದದ್ದು ಅರ್ಧ ಗಂಟೆ. ಮಾಡಬೇಕು ಎಂದು ಹೊಳೆಯಲು ಹಿಡಿದದ್ದು ಎಂಟು ವರ್ಷ.

ಕಳೆದ ತಿಂಗಳು ಒಂದು ಶನಿವಾರ ಅಮ್ಮನನ್ನು ಕರೆದುಕೊಂಡು ಹಾಜಿ ಅಲಿಗೆ ಹೋಗಿದ್ದೆ. ಗ್ರಾಂಟ್ ರೋಡಿನಲ್ಲಿ ಇಳಿದು ಟ್ಯಾಕ್ಸಿ ಹಿಡಿದೆವು. ಟ್ರಾಫಿಕ್ ಇದ್ದರೂ ಕಾಲು ಗಂಟೆ ಹಿಡಿಯಲಿಲ್ಲ. ಅಮ್ಮ ಆಸ್ಪತ್ರೆಯ ಗೇಟಿನ ಎದುರು ಸ್ವಲ್ಪ ಹೊತ್ತು ನಿಂತು, ಒಳಗೆ ಹೋಗುತ್ತಿದ್ದ ಮಕ್ಕಳನ್ನು ನೋಡಿದರು. ಅಜ್ಜ ದಿನಕ್ಕೆ ಎಷ್ಟು ದುಡಿಯುತ್ತಿದ್ದರು, ಊರಿಗೆ ವರ್ಷಕ್ಕೆ ಎಷ್ಟು ಸಲ ಬರುತ್ತಿದ್ದರು ಎಂದು ದಾರಿಯುದ್ದಕ್ಕೂ ಲೆಕ್ಕ ಹೇಳುತ್ತಾ ಬಂದವರು ಅಲ್ಲಿ ಏನೂ ಹೇಳಲಿಲ್ಲ. ವಾಪಸು ಬರುವಾಗ ಅಕ್ಕ ಹೊಲಿದುಕೊಟ್ಟ ಕೊನೆಯ ರವಿಕೆ ಇನ್ನೂ ಟ್ರಂಕಿನಲ್ಲಿದೆ ಎಂದರು.

ನಮ್ಮ ಸಂಘದ ಯಾರ ಮನೆಯಲ್ಲಾದರೂ, ಊರಿನ ಯಾವ ಚಾವಡಿಯಲ್ಲಾದರೂ ಹೀಗೆ ಕೂತ ಮಗುವಿದ್ದರೆ ದಯವಿಟ್ಟು ಮಹಿಳಾ ವಿಭಾಗಕ್ಕೆ ತಿಳಿಸಿ. ಎಲ್ಲಿಗೆ ಹೋಗಬೇಕು, ಯಾರನ್ನು ಕೇಳಬೇಕು ಎಂದು ಹುಡುಕಿ ಹೇಳುವ ಕೆಲಸಕ್ಕೆ ನಾನು ನನ್ನ ಶನಿವಾರಗಳನ್ನು ಕೊಡುತ್ತೇನೆ. ಇನ್ನೂ ಇಬ್ಬರು ಮೂವರು ಜೊತೆಯಾದರೆ ಅದಕ್ಕಿಂತ ಸಂತೋಷವಿಲ್ಲ.